ಹಳೇ ವಾಲ್ವ್ ಪೋರ್ಟಬಲ್ ರೇಡಿಯೋ ಸಂಗ್ರಹ: ದಾವಣಗೆರೆ, ಚಿತ್ರದುರ್ಗ ಸೀಮೆಯವರಿಗೆ ಸಮಗ್ರ ಮಾರ್ಗದರ್ಶಿ

ಹಿಡಿಕೆ ಇರುವ ಹಳೇ ರೇಡಿಯೋ ಕೇಳಿಕೊಂಡು ಗುಜರಿ ಅಂಗಡಿಗೆ ಹೋದರೆ ಅಂಗಡಿಯವರು ಮೊದಲು ವೈರ್ ಹುಡುಕುತ್ತಾರೆ. "ತಡೀರಿ, ಹಚ್ಚಿ ತೋರಿಸ್ತೀನಿ" ಅಂತಾರೆ. ಒಳ್ಳೇ ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ಬೇಡ ಅನ್ನಿ. ಅರವತ್ತು ಎಪ್ಪತ್ತು ವರ್ಷ ಅಟ್ಟದ ಮೇಲೆ ಸುಮ್ನೆ ಕೂತು ಉಳಿದ ವಾಲ್ವ್ ಪೋರ್ಟಬಲ್ ಸೆಟ್ಟು, ಅಂದರೆ ಟ್ರಾನ್ಸಿಸ್ಟರ್ ಬದಲು ಗಾಜಿನ ಬಲ್ಬಿನಂಥ ವಾಲ್ವ್ ಇರುವ ಹಿಡಿಕೆಯ ರೇಡಿಯೋ, ಕೆಳಗಿಳಿಸಿ ಹಚ್ಚಿದ ಮೊದಲ ನಿಮಿಷದಲ್ಲೇ ಸಾಯುವುದುಂಟು. ಹಾಗಾಗಿ ಈ ಹವ್ಯಾಸದಲ್ಲಿ ಹಚ್ಚುವುದು ಕಟ್ಟಕಡೆಯ ಕೆಲಸ. ಗುರುತಿಸುವುದು, ಕೊಳ್ಳುವುದು, ತೊಳೆಯುವುದು, ಕೆಪಾಸಿಟರ್ ಬದಲಿಸುವುದು, ಬ್ಯಾಟರಿ ಕಟ್ಟುವುದು ಎಲ್ಲ ಅದಕ್ಕಿಂತ ಮುಂಚೆ.

ನಾವು ಹುಡುಕುತ್ತಿರುವುದು ಏನು

ಟೇಬಲ್ ಮೇಲೆ ಕೂರುವ ದೊಡ್ಡ ಮರ್ಫಿ, ಫಿಲಿಪ್ಸ್ ಸೆಟ್‌ಗಳ ಮಾತು ಇಲ್ಲಿಲ್ಲ. ಕೈಯಲ್ಲಿ ಹಿಡಿದು ಒಯ್ಯಬಹುದಾದ, ಬ್ಯಾಟರಿಯನ್ನೂ ಏರಿಯಲ್ಲನ್ನೂ ಹೊಟ್ಟೆಯೊಳಗೇ ಇಟ್ಟುಕೊಂಡ ವಾಲ್ವ್ ರೇಡಿಯೋಗಳ ಮಾತು.

ಅಮೆರಿಕದಲ್ಲಿ 1920ರ ದಶಕದಲ್ಲೇ ಇಂಥವು ಬಂದಿದ್ದವು. ಆರ್‌ಸಿಎ ಕಂಪನಿಯ ರೇಡಿಯೋಲಾ 26 ಬಂದದ್ದು 1925ರಲ್ಲಿ. ಆದರೆ ಆ ಕಾಲದ ಪೋರ್ಟಬಲ್ ಅಂದರೆ ಟ್ರಂಕ್ ಹೊತ್ತ ಹಾಗೇ. ನಮ್ಮ ಸೀಮೆಯಲ್ಲಿ ಅವು ಸಿಗುತ್ತವೆ ಅಂತ ಕಾಯಬೇಡಿ. 1938-39ರ ಹೊತ್ತಿಗೆ 1.4 ವೋಲ್ಟಿನಲ್ಲಿ ಉರಿಯುವ ವಾಲ್ವ್ ಬಂತು. ವಾಲ್ವ್ ಉರಿಸಲು ಒಂದೇ ಒಂದು ದೊಡ್ಡ ಸೆಲ್ ಸಾಕು ಅನ್ನುವ ಹಾಗಾಯಿತು. 1940ರಲ್ಲಿ ಆರ್‌ಸಿಎ ಬಿಪಿ-10 ಅನ್ನುವ ಪುಟ್ಟ ಸೆಟ್ಟು ಕಿರುಬೆರಳಿನಷ್ಟಿರುವ ಏಳು ಪಿನ್ನಿನ ವಾಲ್ವ್‌ಗಳನ್ನು ಹಾಕಿಕೊಂಡು ಬಂತು. ಯುದ್ಧ ಮುಗಿದ ಮೇಲಿನ ಹತ್ತು ಹನ್ನೆರಡು ವರ್ಷ ಇವುಗಳ ಸುಗ್ಗಿ. 1954ರ ಅಕ್ಟೋಬರಿನಲ್ಲಿ ರೀಜೆನ್ಸಿ ಟಿಆರ್-1 ಅನ್ನುವ ಟ್ರಾನ್ಸಿಸ್ಟರ್ ರೇಡಿಯೋ ಬಂತು. ಮುಂದೆ ಐದಾರು ವರ್ಷದಲ್ಲಿ ವಾಲ್ವ್ ಪೋರ್ಟಬಲ್ ಕಥೆ ಮುಗಿಯಿತು. ಹೊಸಬರು 1939ರಿಂದ 1960ರವರೆಗಿನ ಸೆಟ್‌ಗಳನ್ನು ಮಾತ್ರ ಹುಡುಕಿದರೆ ಸಾಕು.

ಹೊರಗಿನಿಂದ ನೋಡಿ ಮೋಸ ಹೋಗುವುದು ಸುಲಭ. ಬುಷ್ ಕಂಪನಿಯ ಎಂಬಿ60 ವಾಲ್ವ್ ಸೆಟ್ಟು, 1957ರದ್ದು. ಅದೇ ಕಂಪನಿ ಅದೇ ಡಬ್ಬದೊಳಗೆ ಟ್ರಾನ್ಸಿಸ್ಟರ್ ಹಾಕಿ 1959ರಲ್ಲಿ ಟಿಆರ್82 ಅಂತ ತಂದಿತು. ಎರಡನ್ನೂ ಪಕ್ಕದಲ್ಲಿಟ್ಟರೆ ಅಣ್ಣ ತಮ್ಮ. ಹಿಂದಿನ ಬಾಗಿಲು ತೆಗೆಯದೆ ಯಾವುದನ್ನೂ ನಂಬಬೇಡಿ.

ನಮ್ಮ ಕಡೆ ಇನ್ನೊಂದು ಗೊಂದಲವೂ ಇದೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳ್ಳಿಗಳಿಗೆ ಕರೆಂಟ್ ತಡವಾಗಿ ಬಂದದ್ದರಿಂದ ಅಲ್ಲಿ ಬ್ಯಾಟರಿ ಸೆಟ್ಟು ಇರುತ್ತಿದ್ದವು. ಅವುಗಳ ಒಳಗೂ ಇದೇ ಜಾತಿಯ ವಾಲ್ವ್ ಇರುತ್ತವೆ. ಆದರೆ ಡಬ್ಬ ಟೇಬಲ್ಲಿನದು, ಏರಿಯಲ್ ಹೊರಗೆ ಮಾಳಿಗೆ ಮೇಲೆ. ಪೋರ್ಟಬಲ್ ಅಲ್ಲ ಅಂತ ಬಿಟ್ಟು ಬರಬೇಡಿ. ಅಗ್ಗಕ್ಕೆ ಸಿಕ್ಕರೆ ಅದರೊಳಗಿನ ನಾಲ್ಕು ವಾಲ್ವ್ ಮುಂದೆ ಎಂದೋ ನಿಮ್ಮ ಪೋರ್ಟಬಲ್ಲಿಗೆ ಜೀವ ಕೊಡುತ್ತವೆ.

ವಾಲ್ವ್ ಮೇಲಿನ ಅಕ್ಷರ ಓದುವುದು

ಇದೊಂದು ಕಲಿತರೆ ಅರ್ಧ ಕೆಲಸ ಆದ ಹಾಗೆ. ಯುರೋಪಿನ ವಾಲ್ವ್‌ಗಳಲ್ಲಿ ಮೊದಲ ಅಕ್ಷರ ಫಿಲಮೆಂಟಿನ, ಅಂದರೆ ಒಳಗೆ ಕಾಯುವ ಸಣ್ಣ ಎಳೆಯ, ಲೆಕ್ಕ ಹೇಳುತ್ತದೆ. 'ಡಿ' ಇದ್ದರೆ ಬ್ಯಾಟರಿ ವಾಲ್ವ್, 1.4 ವೋಲ್ಟಿನದು. 'ಇ' ಇದ್ದರೆ 6.3 ವೋಲ್ಟ್, ಕರೆಂಟಿನ ಸೆಟ್ಟು. 'ಯು' ಇದ್ದರೆ ಎಸಿ-ಡಿಸಿ ಟೇಬಲ್ ಸೆಟ್ಟು. ಅಮೆರಿಕದ ವಾಲ್ವ್‌ಗಳಲ್ಲಿ ಮೊದಲ ಅಂಕಿಯೇ ವೋಲ್ಟೇಜು. 1 ಅಥವಾ 3ರಿಂದ ಶುರುವಾದರೆ ನಮಗೆ ಬೇಕಾದದ್ದು. 12, 35, 50 ಅಂತ ಇದ್ದರೆ ಅಲ್ಲ.

ಒಂದು ಸಾಮಾನ್ಯ ಪೋರ್ಟಬಲ್ಲಿನಲ್ಲಿ ನಾಲ್ಕು ವಾಲ್ವ್ ಇರುತ್ತವೆ. ಡಿಕೆ91, ಡಿಎಫ್91, ಡಿಎಎಫ್91, ಡಿಎಲ್92. ಇವೇ ಅಮೆರಿಕದ ಲೆಕ್ಕದಲ್ಲಿ 1ಆರ್5, 1ಟಿ4, 1ಎಸ್5, 3ಎಸ್4. ಕೊನೆಯದರ ಜಾಗದಲ್ಲಿ ಡಿಎಲ್94 ಅಂದರೆ 3ವಿ4 ಕೂಡ ಇರಬಹುದು. ಪಿನ್ನಿನ ಜೋಡಣೆ ಬೇರೆ, ಒಂದರ ಜಾಗಕ್ಕೆ ಇನ್ನೊಂದು ಚುಚ್ಚಬೇಡಿ. 1950ರ ದಶಕದಲ್ಲಿ 96ರ ಸರಣಿ ಬಂತು: ಡಿಕೆ96, ಡಿಎಫ್96, ಡಿಎಎಫ್96, ಡಿಎಲ್96. 91ರ ಸರಣಿಯ ಫಿಲಮೆಂಟ್ 50 ಮಿಲಿಆಂಪ್ ತಿಂದರೆ 96ರದ್ದು 25 ಮಾತ್ರ. ಸೆಲ್ ಎರಡರಷ್ಟು ದಿನ ಬರುತ್ತದೆ. ಆದರೆ ಆ ಫಿಲಮೆಂಟ್ ಇನ್ನೂ ಸಣ್ಣ ಎಳೆ, ಇನ್ನೂ ನಾಜೂಕು.

ಫಿಲಿಪ್ಸ್ ಸೆಟ್ಟಾದರೆ ಹಿಂದಿನ ಚೀಟಿಯ ಮೇಲಿನ ಮಾಡೆಲ್ ನಂಬರಿನ ಕೊನೇ ಅಕ್ಷರವೂ ಸುಳಿವು ಕೊಡುತ್ತದೆ. ಎ ಅಂದರೆ ಎಸಿ, ಯು ಅಂದರೆ ಎಸಿ-ಡಿಸಿ, ಬಿ ಅಂದರೆ ಬ್ಯಾಟರಿ, ಎಬಿ ಅಂದರೆ ಎರಡೂ. ಟಿ ಇದ್ದರೆ ಟ್ರಾನ್ಸಿಸ್ಟರ್, ಮುಚ್ಚಿ ವಾಪಸ್ ಇಡಿ.

ಎಲ್ಲಿ ಹುಡುಕಬೇಕು, ಹೇಗೆ ಕೇಳಬೇಕು

ಹಳೇ ಟ್ರಾನ್ಸಿಸ್ಟರ್ ಇದೆಯಾ ಅಂತ ಕೇಳಬೇಡಿ, ಎಪ್ಪತ್ತರ ದಶಕದ ಪ್ಲಾಸ್ಟಿಕ್ ಡಬ್ಬಗಳ ರಾಶಿಯೇ ಬರುತ್ತದೆ. "ಒಳಗೆ ಗಾಜಿನ ಬಲ್ಬ್ ಇರೋ, ಹಿಡಿಕೆ ಇರೋ ರೇಡಿಯೋ" ಅನ್ನಿ. ಸೂಟ್‌ಕೇಸ್ ಥರ ಮುಚ್ಚಳ ತೆಗೆಯುವಂಥದ್ದು ಅಂದರೆ ಹಿರಿಯರಿಗೆ ತಟ್ಟನೆ ನೆನಪಾಗುತ್ತದೆ.

ದಾವಣಗೆರೆ ಗಿರಣಿಗಳ ಊರು, ದಲಾಲಿ ಮಂಡಿಗಳ ಊರು. ವ್ಯಾಪಾರಕ್ಕಾಗಿ ಮುಂಬೈಗೆ ಓಡಾಡಿದ ಮನೆತನಗಳ ಅಟ್ಟಗಳು ಇಂಥ ಸಾಮಾನಿಗೆ ಒಳ್ಳೇ ಜಾಗ. ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆ 1941ರಿಂದಲೂ ಇತ್ತು, ಹೊರಗಿನಿಂದ ಬಂದ ಇಂಜಿನಿಯರುಗಳ ಸಂಸಾರಗಳು ಅಲ್ಲಿದ್ದವು. ಚಿತ್ರದುರ್ಗದ ಹಳೇ ಪೇಟೆ, ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮನೆಗಳು ಕೂಡ ಕೇಳಿ ನೋಡಲು ತಕ್ಕ ಜಾಗ. ಯುಗಾದಿ, ದೀಪಾವಳಿಗೆ ಮುಂಚೆ ಧೂಳು ಹೊಡೆಯುವ ವಾರ ಅಟ್ಟದ ಸಾಮಾನು ಬೀದಿಗೆ ಬರುತ್ತದೆ. ಆಗ ಗುಜರಿಯವರಿಗೆ ಮೊದಲೇ ಹೇಳಿಟ್ಟಿರಿ. ಹಳೇ ಮನೆ ಕೆಡವುವ ಕಂಟ್ರಾಕ್ಟರುಗಳ ಪರಿಚಯ ಇದ್ದರೆ ಇನ್ನೂ ಒಳ್ಳೇದು, ಬಾಗಿಲು ತೊಲೆ ಮಾರುವವರಿಗೆ ರೇಡಿಯೋ ಯಾವ ಲೆಕ್ಕಕ್ಕೂ ಇಲ್ಲ.

ನಿಜವಾದ ನಿಧಿ ಇರುವುದು ಹಳೇ ರೇಡಿಯೋ ರಿಪೇರಿಯವರ ಹತ್ತಿರ. ಈಗ ಅಂಗಡಿಯಲ್ಲಿ ಮಗ ಮೊಬೈಲ್ ಕವರ್ ಮಾರುತ್ತಿರಬಹುದು. ಅಪ್ಪನ ಡ್ರಾಯರ್ ಇನ್ನೂ ಹಾಗೇ ಇರುತ್ತದೆ. ಬೆಂಗಳೂರಿನ ಬಿಇಎಲ್ 1961ರಿಂದ ರೇಡಿಯೋ ವಾಲ್ವ್ ಮಾಡುತ್ತಿತ್ತು. ಆ ಡಬ್ಬಿಗಳ ನಡುವೆ 'ಡಿ'ಯಿಂದ ಶುರುವಾಗುವ ಒಂದು ಇದೆಯಾ ಅಂತ ನಿಧಾನವಾಗಿ ನೋಡಿ. ಅವಸರ ಮಾಡಬೇಡಿ, ಚಹಾ ಕುಡಿಯಿರಿ, ಅವರು ಹೇಳುವುದನ್ನು ಕೇಳಿ. ಯಾವ ಮನೆಯಲ್ಲಿ ಯಾವ ಸೆಟ್ಟು ಇತ್ತು ಅನ್ನುವುದು ಅವರಿಗೆ ಇವತ್ತಿಗೂ ಬಾಯಿಪಾಠ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಒಳಗಿನ ಫೋಟೋ ಇಲ್ಲದ ಸೆಟ್ಟಿಗೆ ದುಡ್ಡು ಕಳಿಸಬೇಡಿ.

ಕೊಳ್ಳುವ ಮುಂಚೆ ನೋಡುವುದು

ಜೇಬಿನಲ್ಲಿ ಇರಬೇಕಾದದ್ದು ಒಂದು ಟಾರ್ಚ್, ಒಂದು ಸ್ಕ್ರೂಡ್ರೈವರ್, ಒಂದು ಡಿಜಿಟಲ್ ಮಲ್ಟಿಮೀಟರ್. ಡಿಜಿಟಲ್ಲೇ ಬೇಕು. ಮುಳ್ಳಿನ ಹಳೇ ಮೀಟರುಗಳು ಕಡಿಮೆ ಓಮ್ ರೇಂಜಿನಲ್ಲಿ ಫಿಲಮೆಂಟ್ ತಾಳುವುದಕ್ಕಿಂತ ಜಾಸ್ತಿ ಕರೆಂಟ್ ಬಿಡಬಲ್ಲವು. ಪರೀಕ್ಷೆ ಮಾಡಲು ಹೋಗಿ ಸುಟ್ಟ ಹಾಗಾಗುತ್ತದೆ.

ಮೊದಲು ಬ್ಯಾಟರಿ ಗೂಡು ನೋಡಿ. ಬಿಳಿ ಪುಡಿ, ಹಸಿರು ಕಿಲುಬು ಗೂಡಿನಲ್ಲೇ ನಿಂತಿದ್ದರೆ ತೊಂದರೆ ಇಲ್ಲ. ಅದು ಚಾಸಿಗೆ, ಅಂದರೆ ಭಾಗಗಳನ್ನು ಕೂರಿಸಿದ ತಗಡಿಗೆ, ಇಳಿದು ವಾಲ್ವ್ ಸಾಕೆಟ್ ತನಕ ಹೋಗಿದ್ದರೆ ಬೆಲೆ ಅರ್ಧಕ್ಕಿಳಿಸಿ, ಇಲ್ಲ ಬಿಟ್ಟುಬಿಡಿ.

ಆಮೇಲೆ ವಾಲ್ವ್. ನಾಲ್ಕೂ ಇವೆಯಾ ಎಣಿಸಿ. ಒಂದೊಂದನ್ನೇ ತೆಗೆಯಿರಿ. ಅಲ್ಲಾಡಿಸುತ್ತಾ ಎಳೆಯಬೇಡಿ, ನೇರ ಮೇಲಕ್ಕೆ. ತಲೆಯ ಮೇಲೆ ಒಳಬದಿಗೆ ಕನ್ನಡಿಯಂಥ ಬೆಳ್ಳಿ ಹೊಳಪು ಇರಬೇಕು. ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಗಾಳಿ ಹೊಕ್ಕಿದೆ, ಆ ವಾಲ್ವ್ ಮುಗಿಯಿತು. ಬೆಳ್ಳಿ ಸರಿ ಇದ್ದರೆ ವಾಲ್ವನ್ನು ತಲೆಕೆಳಗು ಮಾಡಿ ಪಿನ್ನು ನಿಮ್ಮ ಕಡೆ ಬರುವ ಹಾಗೆ ಹಿಡಿಯಿರಿ. ಏಳು ಪಿನ್ನಿನ ನಡುವೆ ಒಂದು ಕಡೆ ಜಾಗ ಜಾಸ್ತಿ ಬಿಟ್ಟಿರುತ್ತದೆ. ಆ ಜಾಗದಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ ಎಣಿಸಿದರೆ 1ರಿಂದ 7. ಮೇಲೆ ಹೇಳಿದ ಎಲ್ಲ ಸಣ್ಣ ವಾಲ್ವ್‌ಗಳಲ್ಲೂ ಫಿಲಮೆಂಟಿನ ಎರಡು ತುದಿ 1 ಮತ್ತು 7. ಔಟ್‌ಪುಟ್ ವಾಲ್ವಿನಲ್ಲಿ (ಸ್ಪೀಕರಿಗೆ ದನಿ ಕೊಡುವ ಡಿಎಲ್) ಮಾತ್ರ ನಡುಮಧ್ಯದಿಂದ ಇನ್ನೊಂದು ಎಳೆ 5ನೇ ಪಿನ್ನಿಗೆ ಬಂದಿರುತ್ತದೆ. ಮೀಟರಿನ ಎರಡು ಕಡ್ಡಿ 1 ಮತ್ತು 7ಕ್ಕೆ ತಾಗಿಸಿ. ಸಣ್ಣ ಓಮ್ ತೋರಿಸಿದರೆ ಫಿಲಮೆಂಟ್ ಇದೆ. ಏನೂ ತೋರಿಸದಿದ್ದರೆ ಹೋಗಿದೆ. ಪಿನ್ನಿನ ಮೇಲೆ ಕಪ್ಪು ಕಟ್ಟಿದ್ದರೆ ಸುಳ್ಳು ಉತ್ತರ ಬರುತ್ತದೆ, ಉಗುರಿನಲ್ಲಿ ಕೆರೆದು ಇನ್ನೊಮ್ಮೆ ನೋಡಿ.

ಇಷ್ಟಕ್ಕೇ ವಾಲ್ವ್ ಪೂರ್ತಿ ಚೆನ್ನಾಗಿದೆ ಅಂತಲ್ಲ. ಆದರೂ ನಾಲ್ಕೂ ಫಿಲಮೆಂಟ್ ಇರುವ ಸೆಟ್ಟು ಸಿಕ್ಕರೆ ಧೈರ್ಯವಾಗಿ ಕೊಳ್ಳಬಹುದು. ಅಂದ ಹಾಗೆ, ಇವು ಟೇಬಲ್ ಸೆಟ್ಟಿನ ವಾಲ್ವ್ ಹಾಗೆ ಕೆಂಪಗೆ ಉರಿಯುವುದಿಲ್ಲ. ಕತ್ತಲಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಸಣ್ಣಗೆ ಕಂಡರೆ ಕಂಡೀತು. "ಬಲ್ಬ್ ಹತ್ತಲ್ಲ, ಹೋಗಿದೆ" ಅಂತ ಅಗ್ಗಕ್ಕೆ ಕೊಡುವವರು ಇದ್ದಾರೆ. ಮೀಟರ್ ಹಿಡಿದು ನೋಡಿ, ಸುಮ್ನೆ ತೆಗೆದುಕೊಳ್ಳಿ.

ಏರಿಯಲ್ ಮರೆಯಬೇಡಿ. ಹಳೆಯ ಸೆಟ್ಟುಗಳಲ್ಲಿ ಮುಚ್ಚಳದೊಳಗೆ ಅಥವಾ ಹಿಂಬಾಗಿಲ ಸುತ್ತ ವೈರ್ ಸುತ್ತಿದ ಲೂಪ್ ಇರುತ್ತದೆ. ಬಾಗಿಲು ತೆಗೆದು ಹಾಕಿ ಕೀಲಿನ ಹತ್ತಿರ ಆ ವೈರ್ ಕಡಿದಿರುತ್ತದೆ. ಅದನ್ನು ಬೆಸೆಯಬಹುದು. ಆದರೆ ಲೂಪ್ ಇರುವ ಮುಚ್ಚಳವೇ ಕಳೆದಿದ್ದರೆ ಆ ಸೆಟ್ಟು ಕಿವುಡು.

ಸ್ಪೀಕರಿನ ಕಾಗದವನ್ನು ಇಲಿ, ಬೆಳ್ಳಿಹುಳ ತಿಂದಿದೆಯಾ, ಟ್ಯೂನಿಂಗ್ ಗ್ಯಾಂಗ್ (ಸ್ಟೇಷನ್ ಹಿಡಿಯಲು ತಿರುಗುವ ತಗಡಿನ ಎಲೆಗಳ ಭಾಗ) ತಿರುಗುತ್ತಾ, ಡಯಲ್ ದಾರ ಇದೆಯಾ, ಎಲ್ಲ ನಾಬ್‌ಗಳೂ ಒಂದೇ ಜೋಡಿಯವಾ, ಮರದ ಚೌಕಟ್ಟಿಗೆ ಗೆದ್ದಲು ಹಿಡಿದಿದೆಯಾ ನೋಡಿಕೊಳ್ಳಿ. ನನ್ನ ಲೆಕ್ಕದಲ್ಲಿ ಕಳೆದ ನಾಬ್ ಸುಟ್ಟ ವಾಲ್ವಿಗಿಂತ ದೊಡ್ಡ ತಲೆನೋವು. ವಾಲ್ವ್ ಎಲ್ಲಾದರೂ ಸಿಗುತ್ತದೆ, ಅದೇ ನಾಬ್ ಸಿಗುವುದಿಲ್ಲ.

ಡಯಲ್ ಮೇಲೆ ಯಾವ ಬ್ಯಾಂಡ್ ಇದೆ ಅನ್ನುವುದೂ ಬೆಲೆಗೆ ಸಂಬಂಧಿಸಿದ್ದು. ಇಂಗ್ಲೆಂಡಿನಿಂದ ಬಂದ ಬಹಳಷ್ಟು ಪೋರ್ಟಬಲ್‌ಗಳಲ್ಲಿ ಲಾಂಗ್ ವೇವ್, ಮೀಡಿಯಂ ವೇವ್ ಎರಡೇ ಇರುತ್ತವೆ. ಲಾಂಗ್ ವೇವ್ ಪ್ರಸಾರ ನಮ್ಮ ದೇಶದಲ್ಲಿ ಇಲ್ಲ, ಆ ಬಟನ್ ಬರೀ ಅಲಂಕಾರ. ಶಾರ್ಟ್ ವೇವ್ ಇರುವ ವಾಲ್ವ್ ಪೋರ್ಟಬಲ್ ಸಿಕ್ಕರೆ ಬಿಡಬೇಡಿ. 1952ರಿಂದ ರೇಡಿಯೋ ಸಿಲೋನಿನ ಬಿನಾಕಾ ಗೀತ್‌ಮಾಲಾ ಕೇಳಿದ ಮನೆಗಳಿಗೆ ಶಾರ್ಟ್ ವೇವ್ ಬೇಕೇ ಬೇಕಿತ್ತು, ಅಲ್ವಾ.

ಶಾರ್ಟ್ ವೇವ್ ಪೋರ್ಟಬಲ್‌ಗಳಲ್ಲಿ ದೊಡ್ಡ ಹೆಸರು ಅಮೆರಿಕದ ಜೆನಿತ್ ಟ್ರಾನ್ಸ್-ಓಷಾನಿಕ್. ಮೊದಲು ಬಂದದ್ದು 1942ರಲ್ಲಿ. ಅದು ಸಿಕ್ಕರೆ ಹಿಗ್ಗುವ ಮುಂಚೆ ಒಂದು ಕೆಲಸ ಮಾಡಿ. ಜಿ500, ಎಚ್500 ಮಾಡೆಲ್‌ಗಳಲ್ಲಿ 1ಎಲ್6 ಅನ್ನುವ ವಾಲ್ವ್ ಇರುತ್ತದೆ. ಇದ್ದರೆ ಅದರ ಫಿಲಮೆಂಟ್ ಮೊದಲು ನೋಡಿ. ಅದು ಅಪರೂಪ, ಅದೊಂದರ ಬೆಲೆ ಉಳಿದ ನಾಲ್ಕರ ಬೆಲೆಗಿಂತ ಜಾಸ್ತಿ ಆಗುವುದುಂಟು. ಎಷ್ಟೋ ಸೆಟ್ಟುಗಳಲ್ಲಿ ಯಾರೋ ಅದನ್ನೇ ಕಿತ್ತುಕೊಂಡು ಹೋಗಿರುತ್ತಾರೆ.

ಚೌಕಾಸಿ ಮಾಡುವಾಗ ಇಲ್ಲದ್ದನ್ನು ಲೆಕ್ಕ ಹಾಕಿ ಕಳೆಯಿರಿ: ಹೋದ ವಾಲ್ವ್, ಹರಿದ ಸ್ಪೀಕರ್, ಕಳೆದ ನಾಬ್. "ಆಂಟಿಕ್ ಪೀಸ್ ಸಾರ್" ಅನ್ನುವ ಮಾತಿಗೆ ಬೆಲೆ ಕಟ್ಟಬೇಡಿ. ಹಾಗಂತ ಮನೆಯವರ ಹತ್ತಿರ ನೇರ ಕೊಳ್ಳುವಾಗ ಜಾಸ್ತಿ ಎಳೆದಾಡುವುದೂ ಚೆಂದ ಅಲ್ಲ. ಅಜ್ಜನ ಸಾಮಾನು ಅದು.

ಮನೆಗೆ ತಂದ ಮೇಲೆ ಶುಚಿ ಮಾಡುವುದು

ಏನನ್ನೂ ಮುಟ್ಟುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಯಾವ ವಾಲ್ವ್ ಯಾವ ಸಾಕೆಟ್, ಯಾವ ವೈರ್ ಎಲ್ಲಿಗೆ, ಡಯಲ್ ದಾರ ಹೇಗೆ ಸುತ್ತಿದೆ, ಎಲ್ಲ.

ಧೂಳಿಗೆ ಮೆತ್ತನೆ ಪೇಂಟ್ ಬ್ರಷ್. ಚಿತ್ರದುರ್ಗ ಕಡೆಯ ಸೆಟ್ಟುಗಳಲ್ಲಿ ಕೆಂಪು ಧೂಳು ಗ್ಯಾಂಗಿನ ಎಲೆಗಳ ನಡುವೆ ಗಟ್ಟಿ ಕೂತಿರುತ್ತದೆ. ಒದ್ದೆ ಮಾಡಬೇಡಿ, ಒಣಗಿದ ಬ್ರಷ್ಷಿನಿಂದಲೇ ತೆಗೆಯಿರಿ. ಡಯಲ್ ಗಾಜಿನ ಅಕ್ಷರಗಳು ಒಳಬದಿಗೆ ಬಣ್ಣದಲ್ಲಿ ಬರೆದವು. ಒದ್ದೆ ಬಟ್ಟೆ ತಾಗಿದರೆ ಸ್ಟೇಷನ್ ಹೆಸರುಗಳು ಬಟ್ಟೆಗೇ ಬರುತ್ತವೆ. ಆ ಕಡೆ ಕೈ ಹಾಕಲೇಬೇಡಿ.

ಬೇಕಲೈಟ್ ಡಬ್ಬಕ್ಕೆ ಹಿತ್ತಾಳೆ ಪಾಲಿಶ್ ಸ್ವಲ್ಪವೇ ಹಚ್ಚಿ ತಿಕ್ಕಬಹುದು. ರೆಕ್ಸಿನ್ ಹೊದಿಕೆಗೆ ಸೋಪಿನ ನೊರೆ ಸಾಕು, ನೀರು ಕೂಡದು. ಥಿನ್ನರ್, ಪೆಟ್ರೋಲ್ ಪ್ಲಾಸ್ಟಿಕ್ಕಿನ ಹತ್ತಿರ ತರಬೇಡಿ. ಬ್ಯಾಟರಿ ಸೋರಿದ ಜಾಗ ಹಳೇ ಸಾದಾ ಸೆಲ್ಲಿನದಾದರೆ ಅಡುಗೆ ಸೋಡಾ ನೀರಿನಲ್ಲಿ ಅದ್ದಿದ ಬಟ್ಟೆಯಿಂದ, ಈಚಿನ ಆಲ್ಕಲೈನ್ ಸೆಲ್ಲಿನದಾದರೆ ವಿನೆಗರ್ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ.

ಐಎಫ್ ಟ್ರಾನ್ಸ್‌ಫಾರ್ಮರಿನ (ಚಾಸಿ ಮೇಲಿನ ಪುಟ್ಟ ಲೋಹದ ಡಬ್ಬಿಯ) ತಲೆಯ ಮೇಲೆ ಸ್ಕ್ರೂ ಇರುತ್ತದೆ. ತಿರುಗಿಸಿದರೆ ಏನಾಗುತ್ತೆ ನೋಡೋಣ ಅನ್ನಿಸುತ್ತದೆ. ಬೇಡ. ಕಾರ್ಖಾನೆಯಲ್ಲಿ ಹೊಂದಿಸಿದ್ದು ಅದು.

ಪ್ಲಗ್ ಇರುವ ಸೆಟ್ಟಾದರೆ

ಕೆಲವು ಪೋರ್ಟಬಲ್‌ಗಳು ಬ್ಯಾಟರಿ, ಎಸಿ, ಡಿಸಿ ಮೂರರಲ್ಲೂ ನಡೆಯುತ್ತವೆ. ಗುಜರಿಯಲ್ಲಿ ಹಚ್ಚಲು ಬಿಡಬೇಡಿ ಅಂದದ್ದು ಮುಖ್ಯವಾಗಿ ಇವಕ್ಕೇ. ಅಮೆರಿಕದ ಸೆಟ್ಟು 117 ವೋಲ್ಟಿನದು. ನಮ್ಮ ಗೋಡೆಯಲ್ಲಿರುವುದು 230. ಚುಚ್ಚಿದ ಕ್ಷಣ ಮುಗಿಯಿತು.

ಇವುಗಳಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಅಂದರೆ ಚಾಸಿಗೆ ನೇರ ಮೇನ್ಸ್ (ಗೋಡೆಯ ಕರೆಂಟ್) ಬಂದಿರಬಹುದು. ನಾಬಿನ ಪುಟ್ಟ ಸ್ಕ್ರೂ ಮುಟ್ಟಿದರೂ ಶಾಕ್ ಹೊಡೆಯಬಹುದು. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಸೆಟ್ಟನ್ನು ಗೋಡೆಯ ಕರೆಂಟಿನಿಂದ ಬೇರ್ಪಡಿಸುವಂಥದ್ದು) ಇಲ್ಲದೆ ಇದನ್ನು ಟೇಬಲ್ ಮೇಲೆ ತೆರೆದಿಟ್ಟು ನಡೆಸಬೇಡಿ. ವೇರಿಯಾಕ್ ಅನ್ನುವ, ನಾಬ್ ತಿರುಗಿಸಿ ವೋಲ್ಟೇಜ್ ಹೊಂದಿಸುವ ಸಾಧನ ವೋಲ್ಟೇಜ್ ಇಳಿಸುತ್ತದೆ ಅಷ್ಟೇ, ಶಾಕಿನಿಂದ ಕಾಪಾಡುವುದಿಲ್ಲ.

ಇನ್ನೊಂದು ಹಳ್ಳ ಇದೆ. ಈ ಸೆಟ್ಟುಗಳಲ್ಲಿ ಫಿಲಮೆಂಟ್‌ಗಳು ಸರಪಳಿಯಾಗಿ ಒಂದರ ಹಿಂದೆ ಒಂದು ಇರುತ್ತವೆ. ಕರೆಂಟ್ ಇರುವಾಗ ಒಂದು ವಾಲ್ವ್ ತೆಗೆದರೆ ಫಿಲಮೆಂಟ್ ಲೈನಿನ ಕೆಪಾಸಿಟರ್ ಜಾಸ್ತಿ ವೋಲ್ಟೇಜಿಗೆ ತುಂಬಿಕೊಳ್ಳುತ್ತದೆ. ವಾಲ್ವ್ ವಾಪಸ್ ಚುಚ್ಚಿದ ಕೂಡಲೇ ಅದೆಲ್ಲ ಆ ಎಳೆಯ ಮೂಲಕ ಹರಿದು ಸುಟ್ಟು ಬಿಡುತ್ತದೆ. ಹಾಗಾಗಿ ಆನ್ ಇರುವಾಗ ವಾಲ್ವ್ ಮುಟ್ಟಲೇಬಾರದು. ಒಳಗೆ ಸೆಲೆನಿಯಂ ರೆಕ್ಟಿಫೈಯರ್, ಅಂದರೆ ಎಸಿಯನ್ನು ಡಿಸಿ ಮಾಡುವ, ಚೌಕ ಚೌಕ ತಗಡು ಜೋಡಿಸಿದ ಭಾಗ ಇದ್ದರೆ ಅದನ್ನು ತೆಗೆದು ಸಿಲಿಕಾನ್ ಡಯೋಡ್ ಹಾಕಿ, ಜೊತೆಗೆ ಸರಿಯಾದ ರೆಸಿಸ್ಟರ್. ಸೆಲೆನಿಯಂ ಸುಟ್ಟರೆ ಬರುವ ಕೊಳೆತ ವಾಸನೆ ವಿಷ.

ನನ್ನ ಸಲಹೆ ಕೇಳಿದರೆ, ಮೊದಲ ಮೂರ್ನಾಲ್ಕು ಸೆಟ್ಟು ಬರೀ ಬ್ಯಾಟರಿಯವೇ ಇರಲಿ. ಪ್ಲಗ್ ಇರುವುದನ್ನೂ ಬ್ಯಾಟರಿಯಲ್ಲೇ ನಡೆಸಿ.

ಕೆಪಾಸಿಟರ್ ಬದಲಿಸುವುದು

ಮೇಣ ಹಚ್ಚಿದ ಕಾಗದದ ಕೆಪಾಸಿಟರ್‌ಗಳನ್ನು ನಂಬಬೇಡಿ, ಹೊರಗಿನಿಂದ ಎಷ್ಟೇ ಚೆನ್ನಾಗಿ ಕಾಣಲಿ. ಅವು ಸೋರುತ್ತವೆ. ಎಲ್ಲಕ್ಕಿಂತ ಮುಖ್ಯ, ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ (ಕರೆಂಟನ್ನು ಹತೋಟಿಯಲ್ಲಿಡುವ ಒಳಗಿನ ಜಾಲರಿಗೆ) ಹೋಗುವ ಕೆಪಾಸಿಟರ್. ಅದು ಸೋರಿದರೆ ಗ್ರಿಡ್ಡಿಗೆ ಪಾಸಿಟಿವ್ ವೋಲ್ಟೇಜ್ ಬಂದು ವಾಲ್ವ್ ಹದ್ದು ಮೀರಿ ಕರೆಂಟ್ ಎಳೆಯುತ್ತದೆ. ದನಿ ಒಡೆಯುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ವಾಲ್ವ್ ಸವೆಯುತ್ತದೆ. ಹಳೆಯದರಷ್ಟೇ ಮೈಕ್ರೋಫ್ಯಾರಡ್ ಇರುವ, 250 ಅಥವಾ 400 ವೋಲ್ಟಿನ ಪಾಲಿಯೆಸ್ಟರ್ ಕೆಪಾಸಿಟರ್ ಹಾಕಿ. ದಾವಣಗೆರೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೇ ಸಿಗುತ್ತವೆ, ಇಲ್ಲದಿದ್ದರೆ ಬೆಂಗಳೂರಿನ ಎಸ್‌ಪಿ ರೋಡ್. ಹೈ ಟೆನ್ಷನ್ ಲೈನಿನ, ಅಂದರೆ 67.5 ಅಥವಾ 90 ವೋಲ್ಟ್ ಹರಿಯುವ ದಾರಿಯ, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿದ್ದರೆ ರೇಡಿಯೋ ಊಳಿಡುತ್ತದೆ, ಅದನ್ನೂ ಬದಲಿಸಿ. ಮೈಕಾ ಕೆಪಾಸಿಟರ್‌ಗಳನ್ನು ಕಾರಣ ಇಲ್ಲದೆ ಮುಟ್ಟಬೇಡಿ.

ಒಳಗಿನ ನೋಟವೂ ಹಳೇದಾಗೇ ಇರಲಿ ಅನ್ನುವವರು ಹಳೇ ಕೆಪಾಸಿಟರಿನ ಕಾಗದದ ನಳಿಗೆ ಬಿಸಿ ಮಾಡಿ ಒಳಗಿನದನ್ನು ಹೊರಗೆಳೆದು ಹೊಸದನ್ನು ಅದರೊಳಗೆ ಕೂರಿಸಿ ಮೇಣ ತುಂಬುತ್ತಾರೆ. ತಾಳ್ಮೆ ಬೇಕು. ಮಾಡಿದರೆ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯನ್ನೂ ಮೀಟರಿನಲ್ಲಿ ನೋಡಿ. ನೂರಾರು ಓಮ್ ಬರಬೇಕು. ಒಳಗಿನ ಸಣ್ಣ ತಾಮ್ರದ ಎಳೆ ಹಸಿರು ಕಟ್ಟಿ ಕಡಿದಿರುವುದು ಸಾಮಾನ್ಯ.

ಬ್ಯಾಟರಿ ನಾವೇ ಕಟ್ಟುವುದು

ಈ ಸೆಟ್ಟುಗಳಿಗೆ ಎರಡು ಬ್ಯಾಟರಿ ಬೇಕು. ಫಿಲಮೆಂಟಿಗೆ 'ಎ' ಬ್ಯಾಟರಿ, 1.5 ವೋಲ್ಟ್. ಪ್ಲೇಟಿಗೆ, ಅಂದರೆ ವಾಲ್ವಿನೊಳಗಿನ ಹೊರಸುತ್ತಿನ ತಗಡಿಗೆ, 'ಬಿ' ಬ್ಯಾಟರಿ, 67.5 ಅಥವಾ 90 ವೋಲ್ಟ್. ಇಂಗ್ಲಿಷ್ ಸೆಟ್ಟಿನೊಳಗೆ ಎವರ್ ರೆಡಿಯ ಬಿ126 ಅಂತ ಬರೆದಿದ್ದರೆ 90 ವೋಲ್ಟ್, ಬಿ101 ಅಂದರೆ 67.5. ಇವು ಈಗ ಅಂಗಡಿಯಲ್ಲಿ ಇಲ್ಲ. ಮಲ್ಟಿಮೀಟರುಗಳಿಗೆ ಹಾಕುವ 9 ವೋಲ್ಟಿನ ಚಿಕ್ಕ ಬ್ಯಾಟರಿ ಹತ್ತು ತಂದು ಒಂದಕ್ಕೊಂದು ಸಿಕ್ಕಿಸುತ್ತಾ ಹೋದರೆ 90 ಆಯಿತು. 67.5ರ ಜಾಗಕ್ಕೆ ಏಳು ಸಾಕು, 63 ವೋಲ್ಟಿನಲ್ಲಿ ಸೆಟ್ಟು ಆರಾಮಾಗಿ ಹಾಡುತ್ತದೆ. 'ಎ' ಬದಲಿಗೆ ದೊಡ್ಡ ಟಾರ್ಚ್ ಸೆಲ್, ಆಲ್ಕಲೈನ್ ಆದರೆ ಒಳ್ಳೇದು.

ಲೆಕ್ಕ ನೋಡಿ. 91ರ ಸರಣಿಯಲ್ಲಿ ಮೂರು ವಾಲ್ವ್ 50ರಂತೆ, ಔಟ್‌ಪುಟ್ 100, ಒಟ್ಟು 250 ಮಿಲಿಆಂಪ್. 96ರ ಸರಣಿಯಲ್ಲಿ ಮೂರು 25ರಂತೆ, ಔಟ್‌ಪುಟ್ 50, ಒಟ್ಟು 125. 'ಬಿ' ಕಡೆಯಿಂದ ಎಳೆಯುವುದು ಸುಮಾರು 10 ಮಿಲಿಆಂಪ್ ಮಾತ್ರ, ಆದರೆ ಆ 9 ವೋಲ್ಟಿನ ಬ್ಯಾಟರಿಗಳೂ ಪುಟ್ಟವು. ಆದ್ದರಿಂದ ಮೊದಲು ಇಳಿಯುವುದು ಚಿಕ್ಕ ಬ್ಯಾಟರಿಯೋ ದೊಡ್ಡ ಸೆಲ್ಲೋ ಅನ್ನುವುದು ಸೆಟ್ಟಿನ ಮೇಲೆ ಹೋಗುತ್ತದೆ. ಸೆಲ್ ಇಳಿದರೆ ಡಿಕೆ ವಾಲ್ವ್ ಮೊದಲು ಮುಷ್ಕರ ಹೂಡುತ್ತದೆ. ಬ್ಯಾಂಡಿನ ಒಂದು ತುದಿಯಲ್ಲಿ ಸ್ಟೇಷನ್ ಮಾಯವಾದರೆ ಸೆಟ್ಟು ಬಿಚ್ಚುವ ಮುಂಚೆ ಸೆಲ್ ಬದಲಿಸಿ ನೋಡಿ.

ಹಳೇ ಬ್ಯಾಟರಿಯ ಬಣ್ಣದ ರಟ್ಟಿನ ಡಬ್ಬಿ ಸಿಕ್ಕರೆ ಎಸೆಯಬೇಡಿ. ಒಳಗಿನದನ್ನು ತೆಗೆದು ಹೊಸ ಬ್ಯಾಟರಿಗಳನ್ನು ಅದರಲ್ಲೇ ಜೋಡಿಸಿ. ರೇಡಿಯೋಗಳಿಗಿಂತ ಆ ಡಬ್ಬಿಗಳೇ ಅಪರೂಪ.

90 ವೋಲ್ಟ್ ಡಿಸಿ ಆಟದ ಸಾಮಾನಲ್ಲ. ತುದಿಗಳಿಗೆ ಟೇಪ್ ಸುತ್ತಿಡಿ, ಮಕ್ಕಳ ಕೈಗೆ ಕೊಡಬೇಡಿ.

ಕೊನೆಗೆ ಹಚ್ಚುವುದು

ಈ ಸೆಟ್ಟುಗಳಿಗೆ ಇರುವ ಒಂದೇ ದೊಡ್ಡ ಗಂಡಾಂತರ ಅಂದರೆ 90 ವೋಲ್ಟ್ ದಾರಿ ತಪ್ಪಿ 1.4 ವೋಲ್ಟಿನ ಫಿಲಮೆಂಟಿಗೆ ಹೋಗುವುದು. ಪ್ಲಗ್ ಅದಲು ಬದಲಾದರೂ ಸಾಕು, ವೈರಿನ ಸಿಪ್ಪೆ ಉದುರಿ ಒಂದಕ್ಕೊಂದು ತಾಗಿದರೂ ಸಾಕು. ನಾಲ್ಕೂ ವಾಲ್ವ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತವೆ. ಅದಕ್ಕೆ ಬ್ಯಾಟರಿ ಸೆಟ್ಟನ್ನು ಹೀಗೆ ಹಚ್ಚಿ.

ಎಲ್ಲ ವಾಲ್ವ್ ತೆಗೆದಿಡಿ. 'ಬಿ' ಪ್ಲಸ್ ವೈರಿಗೆ 10 ಕಿಲೋಓಮಿನ ರೆಸಿಸ್ಟರ್ ಒಂದನ್ನು ಸೀರೀಸಿನಲ್ಲಿ ಸೇರಿಸಿ. ಆಮೇಲೆ ಎ, ಬಿ ಎರಡೂ ಬ್ಯಾಟರಿ ಜೋಡಿಸಿ ಸ್ವಿಚ್ ಹಾಕಿ. ಖಾಲಿ ಸಾಕೆಟ್ಟುಗಳಲ್ಲಿ 1 ಮತ್ತು 7ರ ನಡುವೆ ಮೀಟರ್ ಹಿಡಿಯಿರಿ. 1.5 ವೋಲ್ಟಿನ ಆಸುಪಾಸು ಬರಬೇಕು, ತುಂಬ ಜಾಸ್ತಿ ಅಲ್ಲ. ಔಟ್‌ಪುಟ್ ಸಾಕೆಟ್ಟಿನಲ್ಲಿ 1 ಮತ್ತು 7ನ್ನು ಕೂಡಿಸಿರುತ್ತಾರೆ, ಅಲ್ಲಿ 1 ಮತ್ತು 5ರ ನಡುವೆ ನೋಡಿ. ಎಲ್ಲ ಕಡೆ ಸರಿ ಬಂದರೆ ಬ್ಯಾಟರಿ ಬಿಚ್ಚಿ, ಹೈ ಟೆನ್ಷನ್ ಲೈನ್ ಸೊನ್ನೆಗೆ ಇಳಿಯುವ ತನಕ ಕಾಯಿರಿ. ಈಗ ವಾಲ್ವ್‌ಗಳನ್ನು ಹಾಕಿ, ರೆಸಿಸ್ಟರ್ ಹಾಗೇ ಇರಲಿ, ಮತ್ತೆ ಜೋಡಿಸಿ. ಒಳಗೆ ಎಲ್ಲೋ ಶಾರ್ಟ್ ಇದ್ದರೂ ಆ ರೆಸಿಸ್ಟರ್ 9 ಮಿಲಿಆಂಪಿಗಿಂತ ಜಾಸ್ತಿ ಬಿಡುವುದಿಲ್ಲ. 25 ಮಿಲಿಆಂಪಿನ ಎಳೆಗೂ ಅದು ಅಪಾಯವಲ್ಲ. ಸಣ್ಣಗೆ ಕರಕರ ಸದ್ದೋ, ಕ್ಷೀಣವಾಗಿ ಒಂದು ಸ್ಟೇಷನ್ನೋ ಬಂದರೆ ಗೆದ್ದಿರಿ. ಆಫ್ ಮಾಡಿ, ರೆಸಿಸ್ಟರ್ ತೆಗೆದು ಪೂರ್ತಿ ವೋಲ್ಟೇಜ್ ಕೊಡಿ.

ವಾಲ್ವ್ ಬದಲಿಸಬೇಕಾದರೆ ಹಳೇ ಸೋವಿಯತ್ ವಾಲ್ವ್‌ಗಳೂ ಒಂದು ದಾರಿ. 1ಎ1ಪಿ ಅಂದರೆ ಡಿಕೆ91, 1ಕೆ1ಪಿ ಅಂದರೆ ಡಿಎಫ್91, 1ಬಿ1ಪಿ ಅಂದರೆ ಡಿಎಎಫ್91, 2ಪಿ1ಪಿ ಅಂದರೆ ಡಿಎಲ್92. ಮೇಲೆ ರಷ್ಯನ್ ಲಿಪಿಯಲ್ಲಿ ಬರೆದಿರುತ್ತದೆ, ಗಾಬರಿ ಬೇಡ.

ಏನು ಕೇಳಿಸುತ್ತದೆ

ಆಕಾಶವಾಣಿ ಚಿತ್ರದುರ್ಗ 102.6 ಎಫ್‌ಎಂ ಇದರಲ್ಲಿ ಬರುವುದಿಲ್ಲ, ಇವು ಎಫ್‌ಎಂ ಸೆಟ್ಟೇ ಅಲ್ಲ. ಮೀಡಿಯಂ ವೇವಿನಲ್ಲಿ ನಮ್ಮ ಸೀಮೆಯ ಕಿವಿಗೆ ಹಳೇ ಪರಿಚಯ ಭದ್ರಾವತಿ 675, ಬೆಂಗಳೂರು 612, ಧಾರವಾಡ 765 ಕಿಲೋಹರ್ಟ್ಸ್. ಹಳೇ ಡಯಲ್ ಮೀಟರಿನಲ್ಲಿ ಇದ್ದರೆ 3,00,000ವನ್ನು ಕಿಲೋಹರ್ಟ್ಸಿನಿಂದ ಭಾಗಿಸಿ. ಭದ್ರಾವತಿ 444 ಮೀಟರ್, ಬೆಂಗಳೂರು 490, ಧಾರವಾಡ 392. ದೇಶದಲ್ಲಿ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳು ಒಂದೊಂದಾಗಿ ಬಾಯಿ ಮುಚ್ಚುತ್ತಿವೆ. ಹಾಗಾಗಿ ಸೆಟ್ಟನ್ನು ದೂರುವ ಮುಂಚೆ ಬೇರೆ ಟ್ರಾನ್ಸಿಸ್ಟರಿನಲ್ಲಿ ಆ ಸ್ಟೇಷನ್ ಇದೆಯಾ ನೋಡಿ. ಮನೆಯ ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜರ್ ಆರಿಸಿ. ಕರೆಂಟ್ ಹೋದ ರಾತ್ರಿ ಕೇಳಿ ನೋಡಿ, ಎಲ್ಲೆಲ್ಲಿನ ದೂರದ ಸ್ಟೇಷನ್‌ಗಳು ಬರುತ್ತವೆ. ಲೂಪ್ ಏರಿಯಲ್ಲಿಗೆ ದಿಕ್ಕು ಇರುತ್ತದೆ, ಡಬ್ಬವನ್ನೇ ತಿರುಗಿಸುತ್ತಾ ಹೋದರೆ ಒಂದು ಕಡೆ ದನಿ ಏರುತ್ತದೆ.

ಕಾಗದ ಪತ್ರ, ಇಡುವ ಜಾಗ

ಸೆಟ್ಟಿನ ಜೊತೆ ಬಿಲ್ಲು, ಕೈಪಿಡಿ, ಪೋಸ್ಟ್ ಆಫೀಸಿನಲ್ಲಿ ವರ್ಷವರ್ಷ ಹಣ ಕಟ್ಟಿ ಸೀಲ್ ಹಾಕಿಸುತ್ತಿದ್ದ ರೇಡಿಯೋ ಲೈಸೆನ್ಸ್ ಪುಸ್ತಕ ಇದ್ದರೆ ಕೇಳಿ ಪಡೆಯಿರಿ. ಆ ಲೈಸೆನ್ಸ್ 1980ರ ದಶಕದಲ್ಲಿ ರದ್ದಾಯಿತು, ಆಮೇಲೆ ಜನ ಪುಸ್ತಕ ಎಸೆದರು. ಕಾಗದದಿಂದ ಕಾಲವೂ ತಿಳಿಯುತ್ತದೆ. 'ಮೈಸೂರು ರಾಜ್ಯ' ಅಂತ ಇದ್ದರೆ 1973ರ ನವೆಂಬರ್ 1ಕ್ಕಿಂತ ಮುಂಚಿನದು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮುಂಚಿನ ಕಾಗದದಲ್ಲಿ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿರುತ್ತವೆ, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿ. ಒಂದು ನೋಟ್‌ಬುಕ್ಕಿನಲ್ಲಿ ಸೆಟ್ಟಿನ ಮಾಡೆಲ್, ಸೀರಿಯಲ್ ನಂಬರ್, ಯಾವ ಊರಿನಿಂದ ಬಂತು, ಯಾವ ಭಾಗ ಬದಲಿಸಿದ್ದು ಎಲ್ಲ ಬರೆದಿಡಿ.

ಇಡುವಾಗ ಬ್ಯಾಟರಿ ಒಳಗೆ ಬಿಡಬೇಡಿ. ಬೇಸಿಗೆಯ ಬಿಸಿಲು ಬೀಳುವ ಕಿಟಕಿ ಹತ್ತಿರವೂ ಬೇಡ, ತಗಡಿನ ಮಾಳಿಗೆಯ ಕೆಳಗೂ ಬೇಡ. ಹುಳ ಬರುತ್ತದೆ ಅಂತ ಡಾಂಬರು ಗುಳಿಗೆ ಹಾಕುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದೆ. ಅದರ ಆವಿ ಕೆಲವು ಹಳೇ ಪ್ಲಾಸ್ಟಿಕ್ ನಾಬ್, ಡಯಲ್‌ಗಳನ್ನು ಮೆತ್ತಗೆ ಮಾಡುತ್ತದೆ. ಬದಲಿಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಮಳೆಗಾಲ ಮುಗಿದ ಮೇಲೆ ಬದಲಿಸಿ.

ಏನು ಮಾಡಿದರೂ ಮಾತಾಡದ ಸೆಟ್ಟುಗಳೂ ಸೇರಿಕೊಳ್ಳುತ್ತವೆ. ಅವನ್ನು ಗುಜರಿಗೆ ವಾಪಸ್ ಹಾಕಬೇಡಿ. ನಾಬ್, ಸ್ಪೀಕರ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಗ್ಯಾಂಗ್, ಹಿಂಬಾಗಿಲ ಕೀಲು ಬಿಚ್ಚಿ ಡಬ್ಬಿಗಳಿಗೆ ಹಾಕಿ, ಮೇಲೆ ಮಾಡೆಲ್ ನಂಬರ್ ಬರೆದಿಡಿ.